ಆರು ಲಕ್ಷದ ಭೋಗ್ಯ, ಎಂಟೂವರೆ ಸಾವಿರದ ಬಾಡಿಗೆ

ಹುಡುಗ ನನ್ನ ಅಕ್ಕನ ಮಗ. ಮಂಡ್ಯದಿಂದ ಒಳಗೆ ಹದಿನೈದು ಕಿಲೋಮೀಟರ್ ದೂರದ ಹಳ್ಳಿಯವನು. ಐಟಿಐ ಫಿಟ್ಟರ್. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಇದ್ದಾನೆ, ಕೈಗೆ ಬರುವುದು 24,500. ಹೆಂಡತಿ ಕೆ.ಆರ್. ಪೇಟೆ ಕಡೆಯವಳು, ಖಾಸಗಿ ಲ್ಯಾಬೊಂದರಲ್ಲಿ ಟೆಕ್ನಿಷಿಯನ್, ಸಂಬಳ 15,500. 2025ರ ಮೇ ತಿಂಗಳಲ್ಲಿ ಮದುವೆಯಾಯಿತು. ಆಮೇಲೂ ಅವನು ಹೂಟಗಳ್ಳಿಯ ರೂಮಿನಲ್ಲಿ ಮೂವರು ಗೆಳೆಯರ ಜೊತೆ, ಅವಳು ಪಿಜಿಯಲ್ಲಿ. ಶನಿವಾರ ಸಂಜೆ ಇಬ್ಬರೂ ಮಂಡ್ಯದ ರೈಲು ಹತ್ತಿ ಊರಿಗೆ ಹೋಗುವುದು, ಸೋಮವಾರ ಬೆಳಗ್ಗೆ ವಾಪಸ್ಸು. "ವಾರಕ್ಕೊಂದಿನ ಗಂಡ ಹೆಂಡ್ತಿ ಕಣ್ ಮಾವ ನಾವು" ಅಂತ ಹುಡುಗ ನಗುತ್ತಲೇ ಹೇಳಿದ. ಅಕ್ಕ ನಗಲಿಲ್ಲ. ಮನೆ ಮಾಡಿಸಿಕೊಡು ಅಂತ ನನಗೆ ಫೋನು ಬಂತು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೆಚ್ಚು ಕಾಲ ಕೂತದ್ದು ಸಾಲದ ಮೇಜಿನಲ್ಲಿ. ಈ ಮಕ್ಕಳ ಮನೆಯ ಕಥೆಯಲ್ಲಿ ನಾನು ತಲೆಹಾಕಿದ್ದು ಮಾವನಾಗಿ ಅರ್ಧ, ಆ ಮೇಜಿನ ಚಟದಿಂದ ಅರ್ಧ. ಇಬ್ಬರ ಒಪ್ಪಿಗೆ ಪಡೆದೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಕೈಯಲ್ಲಿದ್ದದ್ದು

ಮುಯ್ಯಿ ಪುಸ್ತಕ ಬಿಚ್ಚಿ, ಖರ್ಚು ಕಳೆದು ಉಳಿದದ್ದು 92,000. ಅವಳು ಮದುವೆಗೆ ಮುಂಚೆಯೇ ಮಾಡಿಟ್ಟಿದ್ದ ಠೇವಣಿ 1,00,000. ಅವನ ಖಾತೆಯಲ್ಲಿ 40,000. ಇನ್ನು 78,000 ಚೀಟಿಯದು. ಆ ಚೀಟಿಯ ಬಗ್ಗೆ ಒಂದು ಮಾತು. ಕಾರ್ಖಾನೆಯ ಇಪ್ಪತ್ತು ಜನ ಸೇರಿ ತಿಂಗಳಿಗೆ ಐದೈದು ಸಾವಿರ ಹಾಕುವ ಒಂದು ಲಕ್ಷದ ಚೀಟಿ. ಮದುವೆ ಹತ್ತಿರ ಬಂತೆಂದು ಅವಸರದಲ್ಲಿ 22,000ಕ್ಕೆ ಕೂಗಿ ಎತ್ತಿದ. ನೋಂದಣಿ ಇಲ್ಲದೆ ಚೀಟಿ ನಡೆಸುವುದನ್ನು 1982ರ ಚಿಟ್ ಫಂಡ್ ಕಾಯ್ದೆ ಒಪ್ಪುವುದಿಲ್ಲ ಅಂದೆ. "ಎಲ್ಲಾ ನಮ್ ಹುಡುಗ್ರೇ ಮಾವ" ಅಂದ. ಹುಡುಗರು ಒಳ್ಳೆಯವರೇ ಇರಬಹುದು, 22,000 ಹೋದದ್ದಂತೂ ಹೋಯಿತು.

ಒಟ್ಟು 3,10,000. ಚೀಟಿಯ ಮಿಕ್ಕ ಕಂತು ಬಿಟ್ಟರೆ ಸಾಲ ಇಲ್ಲ. ಅವಳ ಒಡವೆ ಅವಳದು, ಅದನ್ನು ಲೆಕ್ಕಕ್ಕೆ ತರುವುದು ಬೇಡ ಅಂತ ನಾನೇ ಮೊದಲು ಹೇಳಿಬಿಟ್ಟೆ.

"ಯಾವ ಜನ?"

ಹುಡುಕಾಟವನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವುದೇ. ಸರಸ್ವತಿಪುರಂನಲ್ಲಿ ಎರಡು, ಕುವೆಂಪುನಗರದಲ್ಲಿ ನಾಲ್ಕು ಮನೆ ನೋಡಿದೆವು. ಟು-ಲೆಟ್ ಬೋರ್ಡಿನ ಕೆಳಗೆ ಎರಡು ಕಡೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬರೆದಿತ್ತು. ಬರೆಯದ ಕಡೆ ಬಾಯಲ್ಲಿ ಕೇಳಿದರು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನೀರು ಕೊಟ್ಟು, ಪ್ರೀತಿಯಿಂದಲೇ ಮಾತಾಡಿಸಿ, ಕೊನೆಗೆ "ಯಾವ ಜನ ನೀವು?" ಅಂದರು. ಹುಡುಗ "ಮಂಡ್ಯದೋರು ಅಜ್ಜಿ" ಅಂದ. ಅಜ್ಜಿಗೆ ಅಷ್ಟೇ ಸಾಕಾಯಿತು. ಮೆಟ್ಟಿಲಿಳಿಯುವಾಗ ಸೊಸೆ, "ಭಾನ್ವಾರ ಕುಕ್ಕರ್ ಕೂಗಿದ್ರೆ ಬೀದಿಗೆಲ್ಲ ಗೊತ್ತಾಗ್ತಿತ್ತು ಬಿಡಿ" ಅಂದಳು. ನಗೆಯ ಮಾತು ಹೌದು, ಆದರೆ ಆರು ಮನೆಯಲ್ಲಿ ಮೂರು ಹೀಗೆ ಕೈತಪ್ಪಿದಾಗ ಉಳಿದ ಮೂರರ ಬಾಡಿಗೆಯ ಚೌಕಾಸಿಯಲ್ಲಿ ನಮ್ಮ ಕೈ ಮೇಲಾಗಲಿಲ್ಲ. ಇದೂ ಮನೆಯ ಖರ್ಚೇ, ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ ಅಷ್ಟೆ.

ಬಾಡಿಗೆ ಇಲ್ಲದ ಮನೆ

ಜೂನ್ ಎರಡನೇ ವಾರ ಹುಡುಗ ಒಂದು ಮನೆ ಹಿಡಿದುಕೊಂಡು ಬಂದ. ದತ್ತಗಳ್ಳಿಯಲ್ಲಿ, ಮಾಲೀಕರು ಕೆಳಗೆ, ಮೇಲಿನ ಮನೆ ಖಾಲಿ. ಎರಡು ರೂಮು, ಹಾಲು, ಅಡುಗೆಮನೆ, ಬಟ್ಟೆ ಒಗೆಯಲು ಹಿಂದೆ ಕಲ್ಲು, ತಾರಸಿಯ ಮೇಲೆ ಸೋಲಾರ್. ತಿಂಗಳ ಬಾಡಿಗೆಗೆ ಕೊಡುವುದಾದರೆ 9,000, ಅಡ್ವಾನ್ಸ್ 70,000. ಭೋಗ್ಯಕ್ಕಾದರೆ 6 ಲಕ್ಷ, ಮೂರು ವರ್ಷ, ಬಾಡಿಗೆ ಇಲ್ಲ, ಬಿಡುವಾಗ 6 ಲಕ್ಷ ಪೂರ್ತಿ ವಾಪಸ್ಸು. ಹುಡುಗ ಆಗಲೇ 10,000 ಟೋಕನ್ ಕೊಟ್ಟು ಬಂದಿದ್ದ.

"ಬಾಡ್ಗೆ ಅಂದ್ರೆ ನೀರಲ್ಲಿ ಹೋಮ ಮಾಡ್ದಂಗೆ ಮಾವ. ಇದು ದುಡ್ಡು ಎಲ್ಲೂ ಹೋಗಕಿಲ್ಲ, ಹಂಗೇ ಬತ್ತದೆ. ಮೂರು ಲಕ್ಷ ಐತೆ, ಇನ್ ಮೂರು ಲಕ್ಷ ಪರ್ಸನಲ್ ಲೋನ್ ತಕತೀನಿ."

ಅವನು ಹೇಳಿದ್ದನ್ನು ನಾನು ತಳ್ಳಿಹಾಕಲಿಲ್ಲ. ಹಾಳೆ ತೆಗೆದು ಇಬ್ಬರೂ ಕೂತೆವು. ಅವನ 3 ಲಕ್ಷ ಠೇವಣಿಯಲ್ಲಿದ್ದಿದ್ದರೆ ಶೇ. 7ರಂತೆ ವರ್ಷಕ್ಕೆ 21,000 ಬರುತ್ತಿತ್ತು, ಅದು ಹೋಯಿತು. ಸಾಲದ 3 ಲಕ್ಷಕ್ಕೆ ಶೇ. 14ರಂತೆ ವರ್ಷದ ಬಡ್ಡಿ ಹೆಚ್ಚೆಂದರೆ 42,000. ಒಟ್ಟು 63,000. ಅದೇ ಮನೆ ಬಾಡಿಗೆಗಾದರೆ ವರ್ಷಕ್ಕೆ 1,08,000, ಜೊತೆಗೆ ಅಡ್ವಾನ್ಸ್ ಮೇಲೆ ತಪ್ಪುವ ಬಡ್ಡಿ 4,900. ಅಂದರೆ ಭೋಗ್ಯದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 50,000 ಉಳಿತಾಯ, ಮೂರು ವರ್ಷಕ್ಕೆ ಒಂದೂವರೆ ಲಕ್ಷ. ಹುಡುಗ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ, ಗೆದ್ದವನ ಹಾಗೆ. ಲೆಕ್ಕದಲ್ಲಿ ಗೆದ್ದೂ ಇದ್ದ. ಭೋಗ್ಯವೆಂದರೆ ಮೋಸ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಮೈಸೂರಿನಲ್ಲಿ ಭೋಗ್ಯದ ಮನೆಯಲ್ಲಿದ್ದುಕೊಂಡೇ ಸೈಟು ಮಾಡಿದವರನ್ನು ನಾನು ಬಲ್ಲೆ.

ಒಂದು ತೊಡಕು ಆ ಹಾಳೆಯಲ್ಲೇ ಇತ್ತು. 3 ಲಕ್ಷದ ಸಾಲವನ್ನು ಮೂರು ವರ್ಷದಲ್ಲಿ ತೀರಿಸಲು ತಿಂಗಳ ಕಂತು 10,250ರ ಆಸುಪಾಸು. ಬಾಡಿಗೆ 9,000. ಬಾಡಿಗೆ ಇಲ್ಲದ ಮನೆಗೆ ಬಾಡಿಗೆಗಿಂತ ಹೆಚ್ಚು ತಿಂಗಳಿಗೆ ಕೈಬಿಡುತ್ತದೆ. ಅದು ಅಸಲೂ ಸೇರಿದ ಕಂತು, ಕೊನೆಗೆ ಉಳಿತಾಯವಾಗಿ ಬರುತ್ತದೆ ಎಂಬುದು ಸರಿ. ಬರುವುದು ಆ 6 ಲಕ್ಷ ಬಂದರೆ. ಮಿಕ್ಕ ಮಾತೆಲ್ಲ ಆ 'ಬಂದರೆ'ಯದು.

ನಾನು ಅವನಿಗೆ ಅವರ ತಾತನ ಗದ್ದೆಯ ನೆನಪು ಮಾಡಿದೆ. ಹಿಂದೆ ಮಗಳ ಮದುವೆಗೆಂದು ನಾಲೆ ಕೆಳಗಿನ ಇಪ್ಪತ್ತು ಗುಂಟೆಯನ್ನು ಭೋಗ್ಯಕ್ಕೆ ಹಾಕಿದ್ದರು. ದುಡ್ಡು ಕೊಟ್ಟವನು ಗದ್ದೆ ಉತ್ತು, ಭತ್ತ ತನ್ನ ಮನೆಗೆ ಒಯ್ಯುತ್ತಿದ್ದ. ದುಡ್ಡು ತೀರುವತನಕ ಗದ್ದೆ ಬಿಡಬೇಕಾಗಿರಲಿಲ್ಲ, ಯಾಕೆಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಭೋಗ್ಯದ ಆಧಾರ ಪತ್ರ ಅವನ ಕೈಯಲ್ಲಿತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಅದಕ್ಕೊಂದು ಜಾಗವಿದೆ. ಅದು ಅಡಮಾನ. ಆಸ್ತಿಯೇ ಸಾಲಕ್ಕೆ ಜಾಮೀನು.

ನಗರದಲ್ಲಿ ನಾವು ಭೋಗ್ಯ ಅನ್ನುವುದು ಪದದಲ್ಲಷ್ಟೇ ಅದು. ಕಾಗದ ಬೇರೆ. ಸ್ಟಾಂಪ್ ಪೇಪರಿನ ಮೇಲೆ 'ಲೀಸ್ ಅಗ್ರಿಮೆಂಟ್' ಎಂದು ಟೈಪಿಸಿ, ನೋಟರಿ ಸೀಲು ಹಾಕಿಸಿ, ಇಬ್ಬರು ಸಾಕ್ಷಿ ಸಹಿ ಮಾಡಿದರೆ ಮುಗಿಯಿತು. ಅದರಲ್ಲಿ ಮನೆಯ ಮೇಲೆ ನಮ್ಮ ದುಡ್ಡಿಗೆ ಯಾವ ಹಿಡಿತವೂ ಹುಟ್ಟುವುದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಮಾಡಿಸಲೇಬೇಕು. ನೋಟರಿ ಸೀಲು ನೋಂದಣಿಯಲ್ಲ. ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳು ಅಂತ ಬರೆಯುವುದು. ಬಾಡಿಗೆಗೆ ಅದು ನಡೆಯುತ್ತದೆ, ಆರು ಲಕ್ಷಕ್ಕೂ ಅದನ್ನೇ ನಡೆಸುತ್ತಾರೆ.

"ಇಲ್ಲಿ ಸಾಲ ಕೊಡೋನು ನೀನು ಕಣಪ್ಪ" ಅಂದೆ. "ನೀನೇ ಬ್ಯಾಂಕು. ಮೂರು ಲಕ್ಷ ಕೊಡೋಕೆ ಬ್ಯಾಂಕಿನವನು ನಿನ್ನ ಸಂಬಳದ ಚೀಟಿ, ಆಧಾರ್, ಹಳೇ ಸಾಲ ಎಲ್ಲಾ ಕೇಳ್ತಾನೆ. ನೀನು ಆರು ಲಕ್ಷ ಕೊಡೋನು ಏನು ಕೇಳ್ದೆ?"

"ನೀರು ಚೆನ್ನಾಗ್ ಬತ್ತದಾ ಅಂತ ಕೇಳ್ದೆ" ಅಂದ.

ಪತ್ರ ಎಲ್ಲಿದೆ

ಭಾನುವಾರ ಮೂವರೂ ಹೋದೆವು. ಮಾಲೀಕರು ಐವತ್ತೈದರ ಆಸುಪಾಸಿನವರು, ಮರ್ಯಾದಸ್ಥರು. ಕಾಫಿ ಬಂತು. ಮಂಡ್ಯದ ಮಳೆ ಬೆಳೆ ವಿಚಾರ ಆಯಿತು. ಲೋಟ ಕೆಳಗಿಟ್ಟು, ಮನೆಯ ಅಸಲು ಪತ್ರ ಒಮ್ಮೆ ನೋಡಬಹುದೇ ಅಂತ ಕೇಳಿದೆ.

"ಅಸಲು ಊರಲ್ಲಿ ನನ್ನ ತಮ್ಮನ ಹತ್ರ ಇದೆ ಸಾರ್. ಜೆರಾಕ್ಸ್ ಕೊಡ್ತೀನಿ."

ಜೆರಾಕ್ಸ್ ಬಂತು. ಕ್ರಯಪತ್ರ, ಎಂಟು ಹಾಳೆ. ಅದರ ಕೊನೆಯ ಹಾಳೆಯ ಕೆಳಗೆ, ಎಡಮೂಲೆಯಲ್ಲಿ, ಒಂದು ದುಂಡು ಸೀಲಿನ ಅರ್ಧಚಂದ್ರ ಮಸುಕಾಗಿ ಬಿದ್ದಿತ್ತು. ಪಕ್ಕದಲ್ಲಿ ಯಾರದೋ ಗೀಚು ಸಹಿ. ಹೊರಗಿನವರಿಗೆ ಅದು ಮಸಿ ಕಲೆ. ನಾನು ಅಂಥ ಸೀಲು ಸಾವಿರ ಸಲ ಒತ್ತಿದವನು: ಅಸಲಿನೊಂದಿಗೆ ತಾಳೆ ನೋಡಲಾಗಿದೆ ಎಂದು ಸಾಲದ ಕಡತಕ್ಕೆ ಸೇರುವ ಪ್ರತಿಗೆ ಬ್ಯಾಂಕಿನವರು ಹಾಕುವುದು. ಪತ್ರ ತಮ್ಮನ ಹತ್ತಿರ ಇರಲಿಕ್ಕಿಲ್ಲ ಅನ್ನಿಸಿತು. ಅಲ್ಲಿ ಏನೂ ಆಡಲಿಲ್ಲ. ಕ್ರಯಪತ್ರದ ನೋಂದಣಿ ಸಂಖ್ಯೆ ಬರೆದುಕೊಂಡು ಎದ್ದೆವು.

ಋಣಭಾರ ಪತ್ರವನ್ನು, ಜನ ಇ.ಸಿ. ಅನ್ನುವುದು, ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಹಾಕಬಹುದು. 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನಿನಲ್ಲಿ ಸಿಗುತ್ತದೆ. ವ್ಯವಹಾರವೇನೂ ಇಲ್ಲದಿದ್ದರೆ ಫಾರಂ 16 ಬರುತ್ತದೆ, ಇದ್ದರೆ ಫಾರಂ 15. ನಮಗೆ ಫಾರಂ 15 ಬಂತು. 2019ರಲ್ಲಿ ಹಕ್ಕುಪತ್ರಗಳ ಠೇವಣಿ, ಒಂದು ಬ್ಯಾಂಕಿಗೆ, 28 ಲಕ್ಷಕ್ಕೆ. ತೀರುವಳಿಯ ನಮೂದು ಇರಲಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು ಸೇರಿಸಬೇಕು, ಯಾಕೆಂದರೆ ಇ.ಸಿ. ಶುದ್ಧವಿದ್ದರೆ ಎಲ್ಲ ಶುದ್ಧ ಎಂದು ನಂಬುವವರು ಬಹಳ. ಹಕ್ಕುಪತ್ರವನ್ನು ಬರಿದೆ ಬ್ಯಾಂಕಿನ ಕೈಗಿಟ್ಟು ಸಾಲ ಪಡೆದರೂ ಅದು ಅಡಮಾನವೇ. ಅದಕ್ಕೊಂದು ಬರಹ ಮಾಡಿ ನೋಂದಾಯಿಸಿದರೆ ಇ.ಸಿ.ಯಲ್ಲಿ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದಿಲ್ಲ. ಆದ್ದರಿಂದ ಇ.ಸಿ.ಗಿಂತ ಮೊದಲು ಕೇಳಬೇಕಾದದ್ದು ಅಸಲು ಪತ್ರ. ಕೈಯಲ್ಲಿ ಹಿಡಿದು, ಹಾಳೆ ತಿರುವಿ ನೋಡಬೇಕು. ಕೊಡಲು ಯಾರಾದರೂ ಮೀನಮೇಷ ಎಣಿಸಿದರೆ ಅಲ್ಲೇ ಉತ್ತರ ಸಿಕ್ಕಂತೆ.

ಸಾಲ ಇದ್ದರೆ ಏನಾಗುತ್ತದೆ ಅಂತ ಸೊಸೆ ಕೇಳಿದಳು. ಮಾಲೀಕರು ಕಂತು ಕಟ್ಟುತ್ತಿರುವವರೆಗೆ ಏನೂ ಆಗುವುದಿಲ್ಲ. 90 ದಿನ ಕಂತು ನಿಂತರೆ ಖಾತೆ ಕೆಡುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು, ಅದೂ ಮುಗಿದರೆ ಸ್ವಾಧೀನದ ನೋಟಿಸು ಬಾಗಿಲಿಗೆ ಅಂಟುತ್ತದೆ. ಹರಾಜಿನ ದುಡ್ಡಿನಲ್ಲಿ ಮೊದಲ ಪಾಲು ಬ್ಯಾಂಕಿನದು. ಮೇಲಿನ ಮನೆಯವನು ನೋಟರಿ ಕಾಗದ ಹಿಡಿದು ಮಾಲೀಕರ ಹಿಂದೆ ಅಲೆಯಬೇಕು.

ಬ್ಯಾಂಕಿನ ಸಾಲ ಇಲ್ಲದ ಮನೆಯಲ್ಲೂ ಭೋಗ್ಯದ ದುಡ್ಡು ಹೇಗೆ ವಾಪಸ್ಸು ಬರುತ್ತದೆ ಅಂತ ವಿಚಾರಿಸಿ ನೋಡಿ. ಮಾಲೀಕರು ಆ ದುಡ್ಡನ್ನು ಪೆಟ್ಟಿಗೆಯಲ್ಲಿಟ್ಟಿರುವುದಿಲ್ಲ. ಮೇಲೊಂದು ಮಹಡಿ ಎಬ್ಬಿಸಿರುತ್ತಾರೆ, ಮಗನ ಫೀಸು ಕಟ್ಟಿರುತ್ತಾರೆ. ಮುಂದಿನವರು ಭೋಗ್ಯಕ್ಕೆ ಬಂದು ದುಡ್ಡು ಎಣಿಸಿದ ಮೇಲೆ ಹಿಂದಿನವರಿಗೆ ಕೊಡುವುದು. ಮುಂದಿನವರು ತಡವಾದರೆ, ಅಥವಾ ನಾಲ್ಕೇ ಲಕ್ಷಕ್ಕೆ ಬಂದರೆ, ಹಿಂದಿನವರು ಕಾಯಬೇಕು. ಕಾಯುವಾಗ ಮನೆ ಬಿಡದೇ ಇರುವುದೊಂದೇ ಬಲ.

ನಾನು ಮಾಲೀಕರಿಗೆ ಫೋನು ಮಾಡಿ ಇ.ಸಿ. ವಿಚಾರ ನೇರ ಹೇಳಿದೆ. "ಕಂತು ಒಂದೂ ತಪ್ಪಿಸಿಲ್ಲ ಸಾರ್" ಅಂದರು. ನಿಜವೂ ಇರಬಹುದು. ಹಾಗಾದರೆ ಆರು ಲಕ್ಷವನ್ನು ನೇರವಾಗಿ ನಿಮ್ಮ ಸಾಲದ ಖಾತೆಗೇ ಕಟ್ಟೋಣ, ಬ್ಯಾಂಕಿನಿಂದ ಒಪ್ಪಿಗೆ ಪತ್ರ ತರಿಸೋಣ, ಕಾಗದ ನೋಂದಣಿ ಮಾಡಿಸೋಣ, ಖರ್ಚು ಅರ್ಧರ್ಧ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಆ ದುಡ್ಡು ಮಗಳ ಮದುವೆಗೆ ಬೇಕಿತ್ತು ಸಾರ್" ಅಂದರು. ನನಗೆ ಆ ಮನುಷ್ಯರ ಮೇಲೆ ಸಿಟ್ಟು ಬರಲಿಲ್ಲ. ಅವರದೂ ನಮ್ಮ ಅಕ್ಕನ ಮಾವನ ಗದ್ದೆಯ ಕಥೆಯೇ. ಆದರೆ ಒಂದೂವರೆ ಲಕ್ಷ ಉಳಿಸಲು ಆರು ಲಕ್ಷ ಪಣಕ್ಕಿಡುವ ವ್ಯಾಪಾರಕ್ಕೆ ಸಾಲದ ಮೇಜಿನಲ್ಲಿ ಕೂತವನು ಸಹಿ ಹಾಕಲಾರ. ಟೋಕನ್ ಹತ್ತು ಸಾವಿರದಲ್ಲಿ ಐದು ವಾಪಸ್ಸು ಬಂತು. ಮಿಕ್ಕ ಐದಕ್ಕೆ ಎರಡು ಸಲ ಓಡಾಡಿ ಹುಡುಗ ಬಿಟ್ಟ. ಆಮೇಲೆ ಆ ಮನೆಗೆ ಯಾರೋ ಬಂದರಂತೆ.

ಆಷಾಢದ ಚೌಕಾಸಿ

2025ರಲ್ಲಿ ಆಷಾಢ ಜೂನ್ 26ಕ್ಕೆ ಹಿಡಿಯಿತು. ನಮ್ಮ ಕಡೆ ಆಷಾಢದಲ್ಲಿ ಹೊಸ ಮನೆ ಹೊಗುವುದಿಲ್ಲ. ಹೊಸ ಹೆಂಡತಿ ತವರಿಗೆ ಹೋಗುವ ತಿಂಗಳು ಬೇರೆ. ಅಕ್ಕ "ಆಷಾಢ ಕಳೀಲಿ ಬುಡು, ಈಗೇನವಸ್ರ" ಅಂದಳು. ನನಗೆ ಬೇರೆ ಲೆಕ್ಕವಿತ್ತು. ಯಾರೂ ಮನೆ ಬದಲಾಯಿಸದ ತಿಂಗಳಲ್ಲಿ ಖಾಲಿ ಬಿದ್ದ ಮನೆಯ ಮಾಲೀಕರು ಏನು ಮಾಡುತ್ತಾರೆ? ಬೋರ್ಡು ನೋಡುತ್ತಾ ಕೂತಿರುತ್ತಾರೆ. ಜೂನ್‌ನಲ್ಲಿ ಖಾಲಿಯಾದ ಮನೆ ಶ್ರಾವಣದವರೆಗೆ ಖಾಲಿ ಎಂದರೆ ಒಂದು ತಿಂಗಳ ಬಾಡಿಗೆ ನೀರಿಗೆ ಬಿದ್ದ ಹಾಗೇ.

ವಿಜಯನಗರ ನಾಲ್ಕನೇ ಹಂತದಲ್ಲಿ, ಹುಡುಗನ ಕಾರ್ಖಾನೆಗೆ ಬೈಕಿನಲ್ಲಿ ಹದಿನೈದು ನಿಮಿಷದ ದಾರಿ, ಒಂದು ಮಹಡಿ ಮನೆ. ಬ್ರೋಕರ್ ಇಲ್ಲ, ಗೇಟಿಗೆ ನೇತುಹಾಕಿದ ರಟ್ಟಿನ ಬೋರ್ಡು. ಇದ್ದರೆ ಒಂದು ತಿಂಗಳ ಬಾಡಿಗೆ ಅವನಿಗೆ ಹೋಗುತ್ತಿತ್ತು. ಮಾಲೀಕರಾದ ಮೇಡಂ ನಿವೃತ್ತ ಟೀಚರ್, ಕೇಳಿದ್ದು ಒಂದೇ: "ಮಾಂಸ ಮಾಡಿದ್ರೆ ಪರವಾಗಿಲ್ಲಮ್ಮ, ಸಿಂಕಿಗೆ ಮೂಳೆ ಹಾಕಬೇಡ." ಒಂದೂವರೆ ರೂಮಿನ ಮನೆ ಎನ್ನಬೇಕು, ಎರಡನೇ ರೂಮಿನಲ್ಲಿ ಮಂಚ ಹಾಕಿದರೆ ಬಾಗಿಲು ತೆರೆಯದು. ಕೇಳಿದ ಬಾಡಿಗೆ 9,500, ಅಡ್ವಾನ್ಸ್ ಒಂದು ಲಕ್ಷ.

ಹುಡುಗ ಬಾಡಿಗೆ ಇಳಿಸಲು ನೋಡುತ್ತಿದ್ದ. ನಾನು ಮೊದಲು ಅಡ್ವಾನ್ಸ್ ಇಳಿಸು ಅಂದೆ. ಅಡ್ವಾನ್ಸ್ ಎಂದರೆ ಪುಟ್ಟ ಭೋಗ್ಯವೇ. ಅದಕ್ಕೂ ಜಾಮೀನಿಲ್ಲ, ಬಡ್ಡಿಯಿಲ್ಲ, ಮುಂದಿನವರು ಬಂದ ಮೇಲೆ ಕೊಡುವ ರಿವಾಜೂ ಅದೇ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಲಾಗೂ. ಮೇಡಂ ಮುಂದೆ ಅದನ್ನು ಎತ್ತಲು ಹೋಗಲಿಲ್ಲ. ಆಷಾಢವನ್ನು ಎತ್ತಿದೆ. ಇವತ್ತೇ ಅಗ್ರಿಮೆಂಟು, ಇವತ್ತೇ ಅಡ್ವಾನ್ಸ್, ಬೀಗದ ಕೈ ಈಗ, ಬಾಡಿಗೆ ಶ್ರಾವಣದಿಂದ. 60,000 ಅಡ್ವಾನ್ಸ್, 8,500 ಬಾಡಿಗೆಗೆ ನಿಂತಿತು. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಸಾಲನ್ನು ಮಾತ್ರ ಮೇಡಂ ಬಿಡಲಿಲ್ಲ. ಎರಡು ವರ್ಷ ದಾಟಿದರೆ ಹಿಡಿಯುವುದಿಲ್ಲ ಅಂತ ಪೆನ್ನಿನಲ್ಲಿ ಸೇರಿಸಿದರು, ಇಬ್ಬರೂ ಪಕ್ಕದಲ್ಲಿ ಸಹಿ ಮಾಡಿದೆವು. ಸೊಸೆ ಅಷ್ಟರಲ್ಲಿ ಫೋನು ಹಿಡಿದು ಗೋಡೆ, ನಲ್ಲಿ, ಬಾತ್‌ರೂಮಿನ ಒಡೆದ ಟೈಲು ಎಲ್ಲವನ್ನೂ ವಿಡಿಯೊ ಮಾಡಿ ಮೇಡಂಗೇ ವಾಟ್ಸಾಪ್ ಮಾಡಿದಳು. ಅದು ನನಗೂ ಹೊಳೆದಿರಲಿಲ್ಲ.

ಬೀಗದ ಕೈ ಸಿಕ್ಕಿದ್ದರಿಂದ ಆಷಾಢವೆಲ್ಲ ಮನೆ ತೊಳೆಯಲು, ಸಾಮಾನು ಇಳಿಸಲು ಆಯಿತು. ಸಾಮಾನು ಹೊಕ್ಕರೆ ಮನೆ ಹೊಕ್ಕಂತಲ್ಲ ಎಂಬ ತೀರ್ಪು ಅಕ್ಕನದು. ಶ್ರಾವಣ ಜುಲೈ 25ಕ್ಕೆ ಶುರುವಾಯಿತು, ಅವತ್ತು ಶುಕ್ರವಾರ. ಅಂದೇ ಹಾಲು ಉಕ್ಕಿಸಿದರು.

ಮಂಚ ಮೇಲೆ ಹತ್ತಲಿಲ್ಲ

ಹೆಣ್ಣಿನ ಕಡೆಯಿಂದ ಮಂಚ, ಬೀರು, ಪಾತ್ರೆ ಬಂದಿತ್ತು. ಮಂಚ ತೇಗದ್ದು, ಊರಿನ ಆಚಾರಿ ಮಾಡಿದ್ದು, ಆರಡಿಗೆ ಆರೂವರೆ. ಟಾಟಾ ಏಸ್‌ನಲ್ಲಿ ಬಂದಿಳಿಯಿತು. ಮಹಡಿ ಮೆಟ್ಟಿಲು ಹೊರಗಿನಿಂದ, ಎರಡೂಕಾಲು ಅಡಿ ಅಗಲ, ನಡುವೆ ಒಂದು ತಿರುವು. ತಲೆಯ ಕಡೆಯ ಹಲಗೆ ತಿರುವಿನಲ್ಲಿ ಕಚ್ಚಿಕೊಂಡು ನಿಂತಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಕೊನೆಗೆ ಎದುರು ಮನೆ ಕಟ್ಟುತ್ತಿದ್ದ ಗಾರೆ ಕೆಲಸದವರು ಹಗ್ಗ ತಂದು, ಗೋಣಿಚೀಲ ಸುತ್ತಿ, ಬಾಲ್ಕನಿಯಿಂದ ಎಳೆದರು. ಐನೂರು ರೂಪಾಯಿ ಮತ್ತು ಟೀ. ಪ್ಯಾರಪೆಟ್ಟಿನ ಅಂಚಿನಲ್ಲಿ ಸುಣ್ಣ ಎದ್ದುಹೋದದ್ದನ್ನೂ ಸೊಸೆ ಫೋಟೊ ತೆಗೆದು ಮೇಡಂಗೆ ತೋರಿಸಿದಳು. ಮನೆ ಹಿಡಿಯುವ ಮುಂಚೆ ಮೆಟ್ಟಿಲು ಅಳೆಯಬೇಕೆಂಬುದು ನಮಗ್ಯಾರಿಗೂ ತೋಚಿರಲಿಲ್ಲ.

ಗ್ಯಾಸಿಗೆ ಹೊಸ ಕನೆಕ್ಷನ್: 14.2 ಕಿಲೋ ಸಿಲಿಂಡರಿಗೆ ಠೇವಣಿ 2,200, ರೆಗ್ಯುಲೇಟರಿಗೆ 250. ವಿಳಾಸಕ್ಕೆ ಬಾಡಿಗೆ ಅಗ್ರಿಮೆಂಟೇ ಆಯಿತು. ಫ್ಯಾನು ಇಲ್ಲದ ಮನೆ, ಎರಡು ಬಿಎಲ್‌ಡಿಸಿ ಫ್ಯಾನು ತಂದರು. ಹಳೇ ಮಾದರಿಯ ಫ್ಯಾನು 75 ವ್ಯಾಟ್ ತಿಂದರೆ ಇದು ಅದರ ಅರ್ಧಕ್ಕಿಂತ ಕಡಿಮೆ. ಇದರಲ್ಲಿ ಜಿಪುಣತನ ಬೇಡ ಎಂದದ್ದು ಗೃಹಜ್ಯೋತಿಯ ಉಚಿತ ಕರೆಂಟಿನ ಲೆಕ್ಕದಿಂದ. 2023ರ ಆ ಯೋಜನೆ 200 ಯೂನಿಟ್‌ವರೆಗೆ ಅಂತ ಎಲ್ಲರ ಬಾಯಲ್ಲಿದ್ದರೂ, ಪ್ರತಿ ಮನೆಗೂ ಮಿತಿ ಬೇರೆ. ಆ ಮೀಟರಿನ 2022-23ರ ಸರಾಸರಿ ಬಳಕೆಯ ಮೇಲೆ ಶೇ. 10, ತೀರ ಕಡಿಮೆ ಬಳಸುವ ಮನೆಗಾದರೆ 10 ಯೂನಿಟ್, ಸೇರಿಸಿ ಅದು ನಿಗದಿಯಾಗುತ್ತದೆ. ಬಾಡಿಗೆಯವರಿಗೂ ಉಂಟು, ಆದರೆ ಹಿಂದೆ ಇದ್ದವರ ಆಧಾರ್ ಆ ಮೀಟರಿನ ಆರ್.ಆರ್. ನಂಬರಿನಿಂದ ಬಿಡಿಸಿಕೊಂಡಿರಬೇಕು. ಹಿಂದಿನವರು ಬಿಡಿಸಿರಲಿಲ್ಲ. ಫೋನು ಮಾಡಿ ಮಾಡಿ, ಅವರು ಬಿಡಿಸುವ ಹೊತ್ತಿಗೆ ಒಂದು ಬಿಲ್ಲು ಪೂರ್ತಿ ಕಟ್ಟಿದ್ದಾಗಿತ್ತು. ಮಹಡಿಗೆ ಬೇರೆ ಮೀಟರ್ ಇದೆಯೇ ಎಂದು ಮೊದಲೇ ಕೇಳಿಕೊಂಡಿದ್ದೊಂದು ಪುಣ್ಯ. ಸಬ್ ಮೀಟರ್ ಆಗಿದ್ದರೆ ಈ ಮಾತೇ ಇರುತ್ತಿರಲಿಲ್ಲ.

ಫ್ರಿಜ್ಜಿನ ವಿಷಯದಲ್ಲಿ ನನ್ನನ್ನು ಕೇಳಲಿಲ್ಲ. ಅಂಗಡಿಯಲ್ಲಿ 16,990, 'ನೋ ಕಾಸ್ಟ್ ಇಎಂಐ', ಆರು ಕಂತು, ಪ್ರೊಸೆಸಿಂಗ್ ಫೀ 299. ಅದೇ ಫ್ರಿಜ್ಜಿಗೆ ಪೂರ್ತಿ ದುಡ್ಡು ಎಣಿಸಿದರೆ 15,500ಕ್ಕೆ ಕೊಡುತ್ತೇವೆ ಎಂದಿದ್ದರಂತೆ. "ಬಡ್ಡಿ ಇಲ್ಲ ಮಾವ" ಅಂತ ಹುಡುಗ ಖುಷಿಯಲ್ಲಿದ್ದ. ರೊಕ್ಕದ ಬೆಲೆಗೂ ಕಂತಿನ ಬೆಲೆಗೂ ನಡುವಿನ 1,490, ಮೇಲೆ ಫೀ 299, ಇದೇ ಬಡ್ಡಿ. ಆರು ತಿಂಗಳಲ್ಲಿ, ತಿಂಗಳು ತಿಂಗಳೂ ಇಳಿಯುವ ಸಾಲದ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 39ರ ಹತ್ತಿರ ಬೀಳುತ್ತದೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಸುತ್ತೋಲೆ ಹೊರಡಿಸಿತ್ತು. ಖಾತೆಯಲ್ಲಿ ಎರಡು ಲಕ್ಷ ಇಟ್ಟುಕೊಂಡು ಈ ಬಡ್ಡಿ ಕಟ್ಟಿದವನಿಗೆ ಏನು ಹೇಳಲಿ. ಕೈಯಲ್ಲಿರುವ ದುಡ್ಡು ಒಡೆಯಬಾರದು ಅನ್ನುವ ಭಯ ಅದು. ನನಗೆ ಗೊತ್ತಿರುವ ಭಯವೇ, ನಾನೂ ನನ್ನ ಮೊದಲ ಟಿವಿಯನ್ನು ಹಾಗೇ ತಂದವನು.

ಸೋಫಾ ತರಲಿಲ್ಲ. ಹಾಲಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಜಮಖಾನ. ಮುಯ್ಯಿಗೆ ಬಂದ ಐದು ಗೋಡೆ ಗಡಿಯಾರದಲ್ಲಿ ಒಂದು ನೇತುಹಾಕಿ, ನಾಲ್ಕನ್ನು ಮುಂದಿನ ಮದುವೆಗಳಿಗೆ ಎತ್ತಿಟ್ಟಿದ್ದಾರೆ.

ಸ್ವಂತದ್ದಕ್ಕೆ

ಅಡ್ವಾನ್ಸ್, ಮೊದಲ ಬಾಡಿಗೆ, ಸಾಗಣೆ, ಸಾಮಾನು, ಹೋದ ಟೋಕನ್ ಎಲ್ಲ ಕಳೆದು ಉಳಿದದ್ದು 1,99,000 ಚಿಲ್ಲರೆ. ಭೋಗ್ಯಕ್ಕೆ ಹೋಗಿದ್ದರೆ ಇದು ಸೊನ್ನೆಯಾಗಿರುತ್ತಿತ್ತು, ಮಂಚ ಎಳೆಸಲು ಐನೂರಕ್ಕೂ ಸಾಲವೇ.

ಮನೆ ಕೊಳ್ಳಲು ಎಷ್ಟು ಬೇಕು ಅಂತ ಇಬ್ಬರೂ ಕೇಳಿದರು. 30 ಲಕ್ಷದ ಹಳೇ ಮನೆ ಎಂದಿಟ್ಟುಕೊಂಡೆವು. 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಬಿಡುತ್ತದೆ. ಇವರ ಸಂಬಳಕ್ಕೆ ಶೇ. 80 ಸಿಕ್ಕರೆ ಅದೃಷ್ಟ. ಹಾಗಾದರೆ ಕೈಯಿಂದ 6 ಲಕ್ಷ. ಮುದ್ರಾಂಕ ಶುಲ್ಕ ಸೆಸ್ಸು ಸರ್‌ಚಾರ್ಜು ಸೇರಿ ಶೇ. 5.6, ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು 2,28,000, ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. 8,28,000 ಸ್ವಂತದ್ದು ಬೇಕು ಎಂದಾಯಿತು. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ, ವರ್ಷದ ಆದಾಯ 9 ಲಕ್ಷದೊಳಗಿದ್ದು ಎಲ್ಲೂ ಸ್ವಂತ ಪಕ್ಕಾ ಮನೆ ಇಲ್ಲದವರಿಗೆ, 35 ಲಕ್ಷದೊಳಗಿನ ಮನೆಯ ಸಾಲಕ್ಕೆ 1.80 ಲಕ್ಷದವರೆಗೆ ಬಡ್ಡಿ ಸಹಾಯವಿದೆ, ಐದು ವರ್ಷದ ಕಂತಿನಲ್ಲಿ. ಊರಿನ ಮನೆ ಅಕ್ಕನ ಹೆಸರಿನಲ್ಲಿರುವುದರಿಂದ ಇವರಿಗೆ ಅಡ್ಡಿಯಿಲ್ಲ.

ನಡುವೆ ಹುಡುಗನ ಅಣ್ಣನೊಬ್ಬ ರಿಂಗ್ ರಸ್ತೆಯಾಚೆ ಅಗ್ಗದ ರೆವಿನ್ಯೂ ಸೈಟಿನ, ಅಂದರೆ ಹೊಲವನ್ನು ಅನುಮೋದನೆಯಿಲ್ಲದೆ ತುಂಡು ಮಾಡಿದ ಸೈಟಿನ, ಆಸೆ ತೋರಿಸಿದ. ಇ-ಖಾತಾ, ಅಂದರೆ ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ, ತೋರಿಸಲಿ, ಆಮೇಲೆ ಮಾತಾಡೋಣ ಅಂದೆ. ಅದು ಅಲ್ಲಿಗೇ ನಿಂತಿತು.

ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ, ಅಂದರೆ ತಿಂಗಳು ತಿಂಗಳೂ ಕಟ್ಟುವ ಠೇವಣಿಗೆ, ಬಡ್ಡಿ ಶೇ. 6.7. ತಿಂಗಳಿಗೆ 10,000 ಕಟ್ಟಿದರೆ ಕೊನೆಗೆ 7,13,000 ಚಿಲ್ಲರೆ, 8,000 ಕಟ್ಟಿದರೆ 5,70,000 ಚಿಲ್ಲರೆ. ತಿಂಗಳ 40,000ದಲ್ಲಿ ಬಾಡಿಗೆ 8,500, ಊರಿಗೆ 4,000, ದಿನಸಿ ಹಾಲು ಗ್ಯಾಸು 9,000, ಪೆಟ್ರೋಲು ಬಸ್ಸು ಫೋನು 3,500, ಫ್ರಿಜ್ಜಿನ ಕಂತು 2,832. ಉಳಿಯುವುದು 12,168. ಕಾರ್ಖಾನೆಯ ಚೀಟಿಯ ಮಿಕ್ಕ ಕಂತು ಇದರಲ್ಲಿಲ್ಲ, ಓವರ್‌ಟೈಮ್ ದುಡ್ಡಿನಲ್ಲಿ ಕಟ್ಟುತ್ತೇನೆ ಎಂದ. ನಾನು 8,000ಕ್ಕೆ ತೆಗೆಯಿರಿ ಅಂದೆ, ಹಬ್ಬ ಇದೆ, ಮುಯ್ಯಿ ತೀರಿಸಬೇಕು, ಊರಿನಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ. ಸೊಸೆ ಒಪ್ಪಲಿಲ್ಲ. "ಎಂಟು ಅಂತ ಶುರು ಮಾಡಿದ್ರೆ ಆರಕ್ಕೆ ಬಂದು ನಿಲ್ತೀವಿ ಮಾವ. ಹತ್ತೇ ಇರ್ಲಿ." ಸೆಪ್ಟೆಂಬರಿನಲ್ಲಿ 10,000ಕ್ಕೆ ಅವಳ ಹೆಸರಿನಲ್ಲೇ ತೆಗೆದರು. ಎರಡು ಲಕ್ಷದಲ್ಲಿ ಒಂದೂವರೆ ಠೇವಣಿಗೆ ಹೋಯಿತು, ಅರ್ಧ ಉಳಿತಾಯ ಖಾತೆಯಲ್ಲಿ ಆಪತ್ತಿಗೆ.

ದಸರಾ ಮುಗಿದ ಮೇಲೆ ಅಕ್ಕನಿಗೆ ಮಂಡಿ ನೋವು ಹೆಚ್ಚಾಗಿ ಮೈಸೂರಿಗೆ ಕರೆತಂದು ತೋರಿಸಿದರು, ಹದಿನೈದು ದಿನ ಆ ಮನೆಯಲ್ಲೇ ಇದ್ದಳು, ತೇಗದ ಮಂಚದ ಮೇಲೆ. ನವೆಂಬರಿನ ಕಂತು ತಪ್ಪಿತು. ಆಪತ್ತಿನ ಖಾತೆ ಮುಟ್ಟದೆ ಹೇಗೋ ಸರಿದೂಗಿಸಿದರು. ಡಿಸೆಂಬರಿನಲ್ಲಿ ಎರಡೂ ಕಂತು, ನೂರಕ್ಕೊಂದು ರೂಪಾಯಿಯಂತೆ ದಂಡ, ಒಟ್ಟು 20,100 ಸೊಸೆ ಕಟ್ಟಿ ಬಂದಳು. ಪಾಸ್‌ಬುಕ್ಕಿನ ಆ ಪುಟದ ಫೋಟೊ ನನಗೆ ಬಂತು, ಕೆಳಗೆ ಬರೆದಿದ್ದಳು: "ಮಾವ, ನೀವು ಎಂಟು ಅಂದಿದ್ದು ಅವರಿಗೆ ನೆನಪು ಮಾಡಬೇಡಿ."